ಸೇಬಿನ ಸುಗ್ಗಿ ಮತ್ತು ಪೆಟ್ಟಿಗೆಯ ತೂಕ: ಹಿಮಾಚಲ ಪ್ರದೇಶದ ಅನುಭವದ ಒಂದು ವಿಶ್ಲೇಷಣೆ

(ಸಾರ್ವಜನಿಕರ ಹಾಗೂ ಅರ್ಜಿದಾರರ ಮಾಹಿತಿಗಾಗಿ)

1. ಪೀಠಿಕೆ

ತೂಕ ಮತ್ತು ಅಳತೆಗೆ ಸಂಬಂಧಿಸಿದ ಸೇವೆಗಳನ್ನು ಕೋರಿ ಅರ್ಜಿ ಸಲ್ಲಿಸುವ ಅಥವಾ ದೂರು ನೀಡುವ ಬೆಳೆಗಾರರು, ವರ್ತಕರು ಹಾಗೂ ಗ್ರಾಹಕರ ಉಪಯೋಗಕ್ಕಾಗಿ ಈ ಲೇಖನವನ್ನು ಪ್ರಕಟಿಸಲಾಗಿದೆ. ಲೇಖನದ ವಿಷಯವು ಹಿಮಾಚಲ ಪ್ರದೇಶದ ಬೆಟ್ಟದ ಇಳಿಜಾರುಗಳಲ್ಲಿ ನಡೆಯುವ ಸೇಬಿನ ಸುಗ್ಗಿಗೆ ಸಂಬಂಧಿಸಿದ್ದಾಗಿದೆ. ಕರ್ನಾಟಕದ ನಾಗರಿಕರಿಗಾಗಿ ಇರುವ ಪುಟದಲ್ಲಿ ದೂರದ ಸೇಬಿನ ಪ್ರಸ್ತಾಪವೇಕೆಂದು ಓದುಗರಿಗೆ ಅನಿಸಬಹುದು. ಅದಕ್ಕೆ ಕಾರಣವಾದ ಒಂದು ಸಂಗತಿಯನ್ನು ಮೊದಲು ತಿಳಿಸುವುದು ಸೂಕ್ತ.

ಕೆಲವು ವರ್ಷಗಳ ಹಿಂದೆ ಕೋಲಾರ ಜಿಲ್ಲೆಯ ಹಿರಿಯ ಟೊಮೆಟೊ ಬೆಳೆಗಾರರೊಬ್ಬರು ದೂರಿನ ಅರ್ಜಿಯೊಂದಿಗೆ ನಮ್ಮ ಶಾಖೆಗೆ ಬಂದಿದ್ದರು. ತಮ್ಮ ಮಾಲಿನ ತೂಕದಲ್ಲಿ ತಮಗೆ ನಷ್ಟವಾಗಿದೆ ಎಂಬುದು ಅವರ ಅಹವಾಲಾಗಿತ್ತು. ಅರ್ಜಿಯ ಜೊತೆಗೆ ಲಗತ್ತಿಸಿದ್ದ ಚೀಟಿಯಲ್ಲಿ ಪೆಟ್ಟಿಗೆಗಳ ಸಂಖ್ಯೆಯೂ ಒಟ್ಟು ಮೊತ್ತವೂ ಇದ್ದವು. ತೂಕದ ಕಾಲಂ ಖಾಲಿ ಇತ್ತು. "ಬಾಕ್ಸಿಗೆ ಇಷ್ಟು ಅಂತ ಕೂಗಿದರು ಸ್ವಾಮಿ. ಬಾಕ್ಸಿನಲ್ಲಿ ಎಷ್ಟಿತ್ತು ಅಂತ ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ" ಎಂದು ಅವರು ಹೇಳಿದರು. ತೂಕದ ದಾಖಲೆ ಇಲ್ಲದ ಕಾರಣ ಮುಂದಿನ ಕ್ರಮಕ್ಕೆ ಅವಕಾಶವಿರುವುದಿಲ್ಲವೆಂದು ಕಡತದಲ್ಲಿ ಷರಾ ಬರೆಯಬೇಕಾಯಿತು. ಅವರಿಗೆ ನಷ್ಟವಾಗಿರಲಿಲ್ಲ ಎಂದು ಇದರ ಅರ್ಥವಲ್ಲ. ನಷ್ಟವನ್ನು ತೋರಿಸುವ ಸಾಧನ ಅವರ ಕೈಯಲ್ಲಿರಲಿಲ್ಲ.

ಇದೇ ಸಮಸ್ಯೆಯನ್ನು ಹಿಮಾಚಲ ಪ್ರದೇಶದ ಸೇಬು ಬೆಳೆಗಾರರು ಅನೇಕ ವರ್ಷಗಳಿಂದ ಎದುರಿಸಿದ್ದು, 2023 ಮತ್ತು 2024ರ ಹಂಗಾಮುಗಳಲ್ಲಿ ಅಲ್ಲಿನ ಸರ್ಕಾರವು ಈ ಕುರಿತು ನಿರ್ದಿಷ್ಟ ಕ್ರಮಗಳನ್ನು ಕೈಗೊಂಡಿತು. ಅವುಗಳ ಹಿನ್ನೆಲೆ, ಪ್ರಯೋಜನ ಮತ್ತು ಮಿತಿಗಳನ್ನು ಈ ಕೆಳಗೆ ವಿವರಿಸಲಾಗಿದೆ.

2. ಸುಗ್ಗಿಯ ಕಾಲ ಮತ್ತು ಪ್ರದೇಶ

ಭಾರತದಲ್ಲಿ ಬೆಳೆಯುವ ಸೇಬಿನ ಬಹುಪಾಲು ಜಮ್ಮು ಮತ್ತು ಕಾಶ್ಮೀರದಿಂದಲೂ ನಂತರದ ದೊಡ್ಡ ಪಾಲು ಹಿಮಾಚಲ ಪ್ರದೇಶದಿಂದಲೂ ಬರುತ್ತದೆ. ಹಿಮಾಚಲದಲ್ಲಿ ಶಿಮ್ಲಾ, ಕುಲ್ಲು, ಕಿನ್ನೌರ್, ಮಂಡಿ, ಚಂಬಾ ಮತ್ತು ಸಿರ್ಮೌರ್ ಜಿಲ್ಲೆಗಳಲ್ಲಿ ಸೇಬಿನ ತೋಟಗಳಿವೆ. ಇವುಗಳಲ್ಲಿ ಶಿಮ್ಲಾ ಜಿಲ್ಲೆಯ ಉತ್ಪಾದನೆ ಅತ್ಯಧಿಕ. ಅಮೆರಿಕದಿಂದ ಬಂದು ಶಿಮ್ಲಾ ಬೆಟ್ಟಗಳ ಕೋಟ್‌ಗಢದಲ್ಲಿ ನೆಲೆಸಿದ ಸ್ಯಾಮ್ಯುಯೆಲ್ ಸ್ಟೋಕ್ಸ್ ಅವರು 1916ರ ಸುಮಾರಿಗೆ ತಮ್ಮ ದೇಶದ ಡೆಲಿಷಿಯಸ್ ತಳಿಯ ಸಸಿಗಳನ್ನು ಅಲ್ಲಿ ನೆಟ್ಟರು. ಸ್ವಾತಂತ್ರ್ಯ ಚಳವಳಿಯಲ್ಲಿ ಭಾಗವಹಿಸಿದ ಅವರು ನಂತರ ಸತ್ಯಾನಂದ ಸ್ಟೋಕ್ಸ್ ಎಂಬ ಹೆಸರಿನಿಂದ ಪ್ರಸಿದ್ಧರಾದರು. ಸಣ್ಣ ಹಿಡುವಳಿಯ ರೈತರು ತಮ್ಮ ಕಡಿದಾದ ಜಮೀನುಗಳಲ್ಲಿ ಆ ತಳಿಯನ್ನು ಬೆಳೆಸಿದ್ದರಿಂದ ಸೇಬು ಆ ಪ್ರದೇಶದ ಮುಖ್ಯ ಜೀವನಾಧಾರವಾಯಿತು.

ಹಳೆಯ ಡೆಲಿಷಿಯಸ್ ತಳಿಗಳಿಗೆ ಚಳಿಗಾಲದಲ್ಲಿ ಸಾವಿರಕ್ಕೂ ಮಿಕ್ಕಿ ಗಂಟೆಗಳ ತಣ್ಣನೆಯ ವಾತಾವರಣ ಬೇಕು. ಆದ್ದರಿಂದಲೇ ಇವು ಎತ್ತರದ ಬೆಟ್ಟಗಳನ್ನು ಆಶ್ರಯಿಸಿವೆ. ಸುಗ್ಗಿಯು ತಗ್ಗಿನ ತೋಟಗಳಲ್ಲಿ ಜುಲೈ ತಿಂಗಳಿನಲ್ಲಿ ಆರಂಭವಾಗಿ, ಬೆಟ್ಟವನ್ನು ಮೆಟ್ಟಿಲು ಮೆಟ್ಟಿಲಾಗಿ ಏರುತ್ತಾ, ಕಿನ್ನೌರ್‌ನ ಎತ್ತರದ ತೋಟಗಳಲ್ಲಿ ಅಕ್ಟೋಬರ್ ತಿಂಗಳಿನವರೆಗೂ ಮುಂದುವರಿಯುತ್ತದೆ. ಬಹುತೇಕ ಕುಟುಂಬಗಳಿಗೆ ವರ್ಷದ ಆದಾಯವೆಲ್ಲವೂ ಈ ಕೆಲವೇ ವಾರಗಳಲ್ಲಿ ಬರತಕ್ಕದ್ದು. ಮಕ್ಕಳ ಶಾಲಾ ಶುಲ್ಕ, ಸಹಕಾರ ಸಂಘದ ಸಾಲದ ಕಂತು, ಮುಂದಿನ ವರ್ಷದ ಗೊಬ್ಬರ ಮತ್ತು ಔಷಧಿಯ ವೆಚ್ಚ, ಇವೆಲ್ಲವೂ ಈ ಅವಧಿಯ ಮಾರಾಟವನ್ನೇ ಅವಲಂಬಿಸಿರುತ್ತವೆ.

3. ತೋಟದಿಂದ ಮಂಡಿಯವರೆಗೆ

ಸೇಬನ್ನು ತೊಟ್ಟು ಮುರಿಯದಂತೆ ಕೈಯಿಂದಲೇ ಬಿಡಿಸಬೇಕು. ಕೆಳಗೆ ಬಿದ್ದ ಅಥವಾ ಪೆಟ್ಟು ತಿಂದ ಹಣ್ಣು ಉತ್ತಮ ದರ್ಜೆಯಲ್ಲಿ ಉಳಿಯುವುದಿಲ್ಲ. ಇಳಿಜಾರಿನಲ್ಲಿ ವಾಹನ ಹೋಗಲಾರದ ಕಡೆ ಕಾರ್ಮಿಕರು ಹಣ್ಣನ್ನು ಬೆನ್ನಿನ ಬುಟ್ಟಿಯಲ್ಲಿ ಹೊತ್ತು ರಸ್ತೆಯವರೆಗೆ ತರುತ್ತಾರೆ. ಈ ಬುಟ್ಟಿಗೆ ಅಲ್ಲಿ ಕಿಲ್ಟಾ ಎನ್ನುತ್ತಾರೆ. ಈ ಕೆಲಸಕ್ಕೆ ನೇಪಾಳದಿಂದ ಬರುವ ಕಾರ್ಮಿಕರ ಪಾತ್ರ ಬಹಳ ದೊಡ್ಡದು.

ನಂತರ ಹಣ್ಣನ್ನು ಬಣ್ಣ ಮತ್ತು ಗಾತ್ರಕ್ಕೆ ಅನುಗುಣವಾಗಿ ವಿಂಗಡಿಸಿ ಪೆಟ್ಟಿಗೆಯಲ್ಲಿ ಪದರ ಪದರವಾಗಿ ಜೋಡಿಸಲಾಗುತ್ತದೆ. ಸುಮಾರು 20 ಕಿ.ಗ್ರಾಂ. ಹಿಡಿಯುವ ಪೆಟ್ಟಿಗೆಯಲ್ಲಿ ಅತಿ ದೊಡ್ಡ ಗಾತ್ರದ ಹಣ್ಣು 80, ದೊಡ್ಡದು 100, ಮಧ್ಯಮ 125, ಸಣ್ಣದು 150 ಎಂಬುದು ರೂಢಿಯ ಎಣಿಕೆ. ಅತ್ಯಂತ ಸಣ್ಣ ಹಣ್ಣಿಗೆ ಅಲ್ಲಿನ ಆಡುಮಾತಿನಲ್ಲಿ 'ಪಿಟ್ಟು' ಎಂಬ ಹೆಸರಿದೆ. ಪೆಟ್ಟಿಗೆಗಳು ಭಟ್ಟಾಕುಫರ್, ಪರಾಲಾ, ರೋಹ್ಡೂ, ನಾರ್ಕಂಡಾ ಮುಂತಾದ ಸ್ಥಳೀಯ ಮಂಡಿಗಳಿಗೆ ಅಥವಾ ನೇರವಾಗಿ ದೆಹಲಿಯ ಆಜಾದ್‌ಪುರ ಮಂಡಿಗೆ ಸಾಗುತ್ತವೆ. ಅಲ್ಲಿ ಅಡತಿದಾರರ ಮೂಲಕ ಹರಾಜು ನಡೆಯುತ್ತದೆ. ನಮ್ಮ ರಾಜ್ಯದ ನಗರಗಳ ಹಣ್ಣಿನ ಅಂಗಡಿಗಳಿಗೂ ಸೇಬು ಬರುವುದು ಇಂತಹ ಸಗಟು ವ್ಯಾಪಾರದ ಮೂಲಕವೇ.

ಈ ಸರಪಳಿಯಲ್ಲಿ ಗಮನಿಸತಕ್ಕ ಮುಖ್ಯ ಅಂಶವೊಂದಿದೆ. ಮೊದಲ ತುದಿಯಲ್ಲಿ ಬೆಳೆಗಾರನು ಹಣ್ಣನ್ನು ಪೆಟ್ಟಿಗೆಯ ಲೆಕ್ಕದಲ್ಲಿ ಮಾರುತ್ತಿದ್ದನು. ಕೊನೆಯ ತುದಿಯಲ್ಲಿ ಗ್ರಾಹಕನು ಅದೇ ಹಣ್ಣನ್ನು ಕಿಲೋ ಲೆಕ್ಕದಲ್ಲಿ ಕೊಳ್ಳುತ್ತಾನೆ. ಪೆಟ್ಟಿಗೆಯು ಕಿಲೋ ಆಗಿ ಪರಿವರ್ತನೆಯಾಗುವುದು ಇವರಿಬ್ಬರ ನಡುವೆ ಎಲ್ಲಿಯೋ ಒಂದು ಕಡೆ. ಆ ಪರಿವರ್ತನೆಯಲ್ಲಿ ಉಳಿಯುವ ಲಾಭವು ತೋಟದವನಿಗೂ ಸೇರುತ್ತಿರಲಿಲ್ಲ, ತಿನ್ನುವವನಿಗೂ ಸೇರುತ್ತಿರಲಿಲ್ಲ.

4. ಪೆಟ್ಟಿಗೆಯ ಹಿನ್ನೆಲೆ

ಆರಂಭದ ದಶಕಗಳಲ್ಲಿ ಸೇಬನ್ನು ಮರದ ಪೆಟ್ಟಿಗೆಗಳಲ್ಲಿ ತುಂಬಲಾಗುತ್ತಿತ್ತು. ಕಾಶ್ಮೀರದಲ್ಲಿ ಮರದ ಪೆಟ್ಟಿಗೆಯ ಬಳಕೆ ಈಗಲೂ ಇದೆ. ಹಿಮಾಚಲದಲ್ಲಿ ಕಾಡಿನ ಮರಗಳನ್ನು ಉಳಿಸುವ ದೃಷ್ಟಿಯಿಂದ ರಟ್ಟಿನ ಪೆಟ್ಟಿಗೆಗಳು ಬಳಕೆಗೆ ಬಂದವು. ಅವುಗಳಲ್ಲಿ ಹೆಚ್ಚು ಪ್ರಚಲಿತವಾದದ್ದು ಟೆಲಿಸ್ಕೋಪಿಕ್ ಪೆಟ್ಟಿಗೆ. ಇದರಲ್ಲಿ ಎರಡು ಭಾಗಗಳಿರುತ್ತವೆ. ಮೇಲಿನ ಭಾಗವು ಕೆಳಗಿನ ಭಾಗದ ಮೇಲೆ ಮುಚ್ಚಳದಂತೆ ಇಳಿಯುತ್ತದೆ. ಹಣ್ಣಿನ ಪದರ ಹೆಚ್ಚಾದಂತೆ ಮುಚ್ಚಳವನ್ನು ಮೇಲಕ್ಕೆತ್ತಿ ಕಟ್ಟಬಹುದು. ಹೀಗಾಗಿ 20 ಕಿ.ಗ್ರಾಂ. ಹಿಡಿಯಬೇಕಾದ ಪೆಟ್ಟಿಗೆಯಲ್ಲಿ 24, 28, ಕೆಲವೊಮ್ಮೆ 30 ಕಿ.ಗ್ರಾಂ.ವರೆಗೂ ಹಣ್ಣು ತುಂಬಲಾಗುತ್ತಿತ್ತು. ಮಂಡಿಯಲ್ಲಿ ದರ ಕೂಗುತ್ತಿದ್ದುದು ಮಾತ್ರ ಪೆಟ್ಟಿಗೆಗೆ.

ಹಿಂದೆ ನಮ್ಮ ನಾಡಿನಲ್ಲಿಯೂ ಸೇರು, ಬಳ್ಳ, ಕೊಳಗಗಳ ಪ್ರಮಾಣ ಸೀಮೆಯಿಂದ ಸೀಮೆಗೆ ಬೇರೆಯಾಗಿತ್ತು. ಕೊಳ್ಳುವಾಗ ಒಂದು ಕೊಳಗ, ಕೊಡುವಾಗ ಇನ್ನೊಂದು ಕೊಳಗ ಎಂಬ ದೂರು ಹಳ್ಳಿಗಳಲ್ಲಿ ಸಾಮಾನ್ಯವಾಗಿತ್ತು. ಇಂತಹ ಗೊಂದಲವನ್ನು ನಿವಾರಿಸುವುದಕ್ಕಾಗಿಯೇ 1956ರ ತೂಕ ಮತ್ತು ಅಳತೆಗಳ ಮಾನಕ ಕಾಯ್ದೆಯ ಮೂಲಕ ದೇಶದಲ್ಲಿ ಮೆಟ್ರಿಕ್ ಪದ್ಧತಿಯನ್ನು ಜಾರಿಗೆ ತರಲಾಯಿತು. ಹಿಗ್ಗುವ ಪೆಟ್ಟಿಗೆಯು ಹಳೆಯ ಕೊಳಗವೇ ರಟ್ಟಿನ ರೂಪದಲ್ಲಿ ಮರಳಿ ಬಂದಂತೆ ಆಗಿತ್ತು.

5. ನಷ್ಟದ ಲೆಕ್ಕ

ಇದರ ಪರಿಣಾಮವನ್ನು ತಿಳಿಯಲು ಒಂದು ಸರಳ ಲೆಕ್ಕವನ್ನು ನೋಡಬಹುದು. ಇಲ್ಲಿ ಬಳಸಿರುವ ದರಗಳು ವಿವರಣೆಗಾಗಿ ಊಹಿಸಿಕೊಂಡವುಗಳೇ ಹೊರತು ಯಾವುದೇ ಮಂಡಿಯ ದರಗಳಲ್ಲ.

ಪೆಟ್ಟಿಗೆಗೆ ರೂ. 2,000 ದೊರೆತಲ್ಲಿ ಪ್ರತಿ ಕಿ.ಗ್ರಾಂ.ಗೆ ಬೀಳುವ ದರ:

ಪೆಟ್ಟಿಗೆಯಲ್ಲಿ 20 ಕಿ.ಗ್ರಾಂ. ಇದ್ದರೆ – ರೂ. 100.00
ಪೆಟ್ಟಿಗೆಯಲ್ಲಿ 24 ಕಿ.ಗ್ರಾಂ. ಇದ್ದರೆ – ರೂ. 83.33
ಪೆಟ್ಟಿಗೆಯಲ್ಲಿ 28 ಕಿ.ಗ್ರಾಂ. ಇದ್ದರೆ – ರೂ. 71.43
ಪೆಟ್ಟಿಗೆಯಲ್ಲಿ 30 ಕಿ.ಗ್ರಾಂ. ಇದ್ದರೆ – ರೂ. 66.67

ತುಂಬಿದ ಪೆಟ್ಟಿಗೆಗೆ ಸ್ವಲ್ಪ ಹೆಚ್ಚಿನ ದರ ದೊರೆಯುತ್ತದೆ ಎಂಬ ವಾದವಿದೆ. ಅದನ್ನೂ ಒಪ್ಪಿ ಲೆಕ್ಕ ಹಾಕೋಣ. 28 ಕಿ.ಗ್ರಾಂ. ಪೆಟ್ಟಿಗೆಗೆ ರೂ. 2,200 ದೊರೆಯಿತೆಂದು ಇಟ್ಟುಕೊಂಡರೆ, ಹೆಚ್ಚುವರಿ 8 ಕಿ.ಗ್ರಾಂ. ಹಣ್ಣಿಗೆ ಬಂದದ್ದು ರೂ. 200 ಮಾತ್ರ, ಅಂದರೆ ಪ್ರತಿ ಕಿ.ಗ್ರಾಂ.ಗೆ ರೂ. 25. ಉಳಿದ 20 ಕಿ.ಗ್ರಾಂ.ಗೆ ನೂರು ರೂಪಾಯಿ ಬಂದಿರುವಾಗ, ಅದೇ ಮರದ ಅದೇ ದರ್ಜೆಯ ಹಣ್ಣು ಕಾಲು ಬೆಲೆಗೆ ಹೋದಂತಾಯಿತು.

ಒಂದು ಹಂಗಾಮಿನಲ್ಲಿ 11,200 ಕಿ.ಗ್ರಾಂ. ಹಣ್ಣು ತೆಗೆಯುವ ಸಣ್ಣ ಬೆಳೆಗಾರನ ಉದಾಹರಣೆಯನ್ನು ತೆಗೆದುಕೊಳ್ಳೋಣ. 28 ಕಿ.ಗ್ರಾಂ.ನಂತೆ ತುಂಬಿದರೆ 400 ಪೆಟ್ಟಿಗೆಗಳಾಗುತ್ತವೆ, ರೂ. 2,200ರಂತೆ ಬರುವ ಮೊತ್ತ ರೂ. 8,80,000. 20 ಕಿ.ಗ್ರಾಂ.ನಂತೆ ತುಂಬಿದರೆ 560 ಪೆಟ್ಟಿಗೆಗಳಾಗುತ್ತವೆ, ರೂ. 2,000ದಂತೆ ಬರುವ ಮೊತ್ತ ರೂ. 11,20,000. ಹೆಚ್ಚಿನ 160 ಪೆಟ್ಟಿಗೆಗಳಿಗೆ ರಟ್ಟು, ಟ್ರೇ, ಕೂಲಿ ಮತ್ತು ಸಾಗಣೆ ಸೇರಿ ತಲಾ ರೂ. 250ರಂತೆ ರೂ. 40,000 ಖರ್ಚು ಕಳೆದರೂ ರೂ. 2,00,000 ವ್ಯತ್ಯಾಸ ಉಳಿಯುತ್ತದೆ. ಈ ಎರಡು ಲಕ್ಷ ರೂಪಾಯಿ ಯಾವ ಪುಸ್ತಕದಲ್ಲಿಯೂ ನಷ್ಟವೆಂದು ದಾಖಲಾಗುವುದಿಲ್ಲ. ಯಾರೂ ಕಳವು ಮಾಡಿದಂತೆಯೂ ಕಾಣುವುದಿಲ್ಲ. ಅಷ್ಟೂ ಮೊತ್ತ ಪೆಟ್ಟಿಗೆಯ ಮುಚ್ಚಳದ ಅಡಿಯಲ್ಲಿಯೇ ಕರಗಿರುತ್ತದೆ.

6. ಬೆಳೆಗಾರನೇ ಏಕೆ ಹೆಚ್ಚು ತುಂಬುತ್ತಿದ್ದನು?

ಹೆಚ್ಚು ತುಂಬುವಂತೆ ಯಾರೂ ಬೆಳೆಗಾರನ ಕೈ ಹಿಡಿದು ಬಲವಂತ ಮಾಡುತ್ತಿರಲಿಲ್ಲ. ತುಂಬುತ್ತಿದ್ದವನು ಅವನೇ. ಆದ್ದರಿಂದ ತಪ್ಪು ಅವನದೇ ಎಂದು ಹೇಳಿ ವಿಷಯವನ್ನು ಮುಗಿಸಿಬಿಡುವುದು ಸುಲಭ. ಆದರೆ ಕಾರಣಗಳನ್ನು ಪರಿಶೀಲಿಸಿದಾಗ ಬೇರೆಯೇ ಚಿತ್ರ ಕಾಣುತ್ತದೆ.

ಒಂದನೆಯದಾಗಿ, ರಟ್ಟು, ಟ್ರೇ, ಕೂಲಿ ಮುಂತಾದ ಖರ್ಚುಗಳು ಪೆಟ್ಟಿಗೆಯ ಸಂಖ್ಯೆಗೆ ತಕ್ಕಂತೆ ಬೀಳುತ್ತವೆ. ಪೆಟ್ಟಿಗೆ ಕಡಿಮೆಯಾದರೆ ಖರ್ಚು ಕಡಿಮೆಯಾಯಿತೆಂಬ ಸಮಾಧಾನ ಕೂಡಲೇ ದೊರೆಯುತ್ತದೆ. ತೂಕದಲ್ಲಿ ಆಗುವ ನಷ್ಟ ಕಣ್ಣಿಗೆ ಕಾಣುವುದಿಲ್ಲ. ಎರಡನೆಯದಾಗಿ, ಹರಾಜಿನ ಕಟ್ಟೆಯಲ್ಲಿ ಪೆಟ್ಟಿಗೆಗಳು ಒಂದರ ಪಕ್ಕದಲ್ಲಿ ಒಂದು ಇರುತ್ತವೆ. ಪಕ್ಕದ ತೋಟದವನ ಪೆಟ್ಟಿಗೆ ಎತ್ತರವಾಗಿದ್ದಾಗ, ಸರಿಯಾಗಿ 20 ಕಿ.ಗ್ರಾಂ. ತುಂಬಿದವನ ಪೆಟ್ಟಿಗೆ ಖರೀದಿದಾರನ ಕಣ್ಣಿಗೆ ಕಡಿಮೆಯಾಗಿ ಕಾಣುತ್ತದೆ. ಪ್ರಾಮಾಣಿಕವಾಗಿ ತುಂಬಿದವನಿಗೆ ಕಡಿಮೆ ದರ ದೊರೆತರೆ ಮರುದಿನ ಅವನೂ ಒಂದು ಪದರ ಹೆಚ್ಚಿಗೆ ಇಡುತ್ತಾನೆ. ಮೊದಲಿನವನು ಇನ್ನೊಂದು ಪದರ ಏರಿಸುತ್ತಾನೆ. ಕೊನೆಗೆ ಎಲ್ಲರ ಪೆಟ್ಟಿಗೆಯೂ ಎತ್ತರವಾಗಿ, ಯಾರಿಗೂ ಹೆಚ್ಚಿನ ದರ ಸಿಗದೆ, ಹಣ್ಣು ಮಾತ್ರ ಹೆಚ್ಚು ಹೋಗುತ್ತದೆ.

ಆದ್ದರಿಂದ ಈ ಸಮಸ್ಯೆಗೆ ಒಬ್ಬ ಬೆಳೆಗಾರನ ವಿವೇಕದಿಂದ ಪರಿಹಾರ ಸಾಧ್ಯವಿರಲಿಲ್ಲ. ಎಲ್ಲರಿಗೂ ಏಕಕಾಲದಲ್ಲಿ ಅನ್ವಯವಾಗುವ ನಿಯಮವೊಂದೇ ದಾರಿಯಾಗಿತ್ತು. ಅಳತೆ ಎಂಬುದು ಊರ ಬಾವಿಯಂತೆ ಎಲ್ಲರಿಗೂ ಸೇರಿದ್ದು. ಒಬ್ಬನು ಕೆಡಿಸಿದರೂ ಎಲ್ಲರೂ ಕುಡಿಯುವ ನೀರು ಕೆಡುತ್ತದೆ.

7. ಹಿಮಾಚಲ ಸರ್ಕಾರದ ಕ್ರಮಗಳು

2023ರ ಹಂಗಾಮಿನಲ್ಲಿ ಹಿಮಾಚಲ ಪ್ರದೇಶ ಸರ್ಕಾರವು ಸೇಬನ್ನು ತೂಕದ ಆಧಾರದ ಮೇಲೆ ಮಾರಾಟ ಮಾಡುವ ವ್ಯವಸ್ಥೆಯನ್ನು ಜಾರಿಗೆ ತಂದು, ಒಂದು ಪೆಟ್ಟಿಗೆಯಲ್ಲಿ ಗರಿಷ್ಠ 24 ಕಿ.ಗ್ರಾಂ. ಎಂಬ ಮಿತಿಯನ್ನು ವಿಧಿಸಿತು. ಇದಕ್ಕೆ ವರ್ತಕರ ಒಂದು ವರ್ಗದಿಂದ ವಿರೋಧ ವ್ಯಕ್ತವಾಯಿತು. ಪೆಟ್ಟಿಗೆಯು ಹಿಗ್ಗುವ ಸ್ವರೂಪದಲ್ಲಿಯೇ ಇದ್ದುದರಿಂದ, ಮಿತಿಯ ಪಾಲನೆಯು ಪ್ರತಿಯೊಂದು ಪೆಟ್ಟಿಗೆಯನ್ನು ತೂಗಿ ನೋಡುವುದನ್ನೇ ಅವಲಂಬಿಸಿತ್ತು. ಸುಗ್ಗಿಯ ದಟ್ಟಣೆಯಲ್ಲಿ ಇದು ಸುಲಭದ ಕೆಲಸವಲ್ಲ.

2024ರ ಹಂಗಾಮಿನಿಂದ ಯೂನಿವರ್ಸಲ್ ಕಾರ್ಟನ್ ಎಂಬ ಏಕರೂಪದ ಪೆಟ್ಟಿಗೆಯನ್ನು ಕಡ್ಡಾಯಗೊಳಿಸಲಾಯಿತು. ಇದು ಒಂದೇ ಭಾಗದ ಪೆಟ್ಟಿಗೆಯಾಗಿದ್ದು ಸುಮಾರು 20 ಕಿ.ಗ್ರಾಂ. ಹಣ್ಣು ಹಿಡಿಯುತ್ತದೆ. ಎತ್ತಿ ಕಟ್ಟಲು ಪ್ರತ್ಯೇಕ ಮುಚ್ಚಳವಿಲ್ಲ. ನಿಯಮವನ್ನು ಕಾಗದದ ಮೇಲೆ ಬರೆಯುವುದರ ಬದಲು ಪೆಟ್ಟಿಗೆಯ ಆಕಾರದಲ್ಲಿಯೇ ಬರೆದಂತಾಯಿತು. ಪೆಟ್ಟಿಗೆಗಳ ಸಂಖ್ಯೆ ಹೆಚ್ಚುವುದರಿಂದ ಅವುಗಳ ಬೆಲೆಯೂ ಮುಖ್ಯವಾಗುತ್ತದೆ. ಈ ದೃಷ್ಟಿಯಿಂದ ರಟ್ಟಿನ ಪೆಟ್ಟಿಗೆಗಳ ಮೇಲಿನ ಸರಕು ಮತ್ತು ಸೇವಾ ತೆರಿಗೆಯನ್ನು 2024ರ ಜುಲೈ ತಿಂಗಳಿನಲ್ಲಿ ಶೇಕಡ 18ರಿಂದ 12ಕ್ಕೂ, 2025ರ ಸೆಪ್ಟೆಂಬರ್ 22ರಿಂದ ಶೇಕಡ 5ಕ್ಕೂ ಇಳಿಸಿರುವುದು ಬೆಳೆಗಾರರಿಗೆ ಅನುಕೂಲಕರವಾಗಿದೆ.

ಇಲ್ಲಿ ಒಂದು ವಿಪರ್ಯಾಸವನ್ನು ಗಮನಿಸಬಹುದು. ಮಾರುಕಟ್ಟೆ ಮಧ್ಯಪ್ರವೇಶ ಯೋಜನೆಯಡಿ ಹಿಮಾಚಲ ಸರ್ಕಾರವು ಪೆಟ್ಟು ತಿಂದ, ಆಲಿಕಲ್ಲಿನ ಕಲೆಯಿರುವ ಕೆಳದರ್ಜೆಯ ಸೇಬನ್ನು ಖರೀದಿಸುತ್ತಾ ಬಂದಿದ್ದು, 2023ರಲ್ಲಿ ಇದರ ದರವನ್ನು ಪ್ರತಿ ಕಿ.ಗ್ರಾಂ.ಗೆ ರೂ. 12ಕ್ಕೆ ಏರಿಸಲಾಯಿತು. ಅಂದರೆ, ರಸ ತೆಗೆಯಲು ಹೋಗುವ ಹಣ್ಣಿಗೆ ಮೊದಲಿನಿಂದಲೂ ಕಿಲೋ ಲೆಕ್ಕವಿತ್ತು. ಆ ಲೆಕ್ಕ ಇಲ್ಲದಿದ್ದುದು ಮೊದಲ ದರ್ಜೆಯ ಹಣ್ಣಿಗೆ ಮಾತ್ರ.

8. ಕಾಯ್ದೆಯ ನಿಲುವು

ಕಾನೂನು ಮಾಪನಶಾಸ್ತ್ರ ಕಾಯ್ದೆ, 2009 ದಿನಾಂಕ 1-4-2011ರಿಂದ ಜಾರಿಯಲ್ಲಿದೆ. ಈ ವಿಷಯಕ್ಕೆ ಸಂಬಂಧಿಸಿದಂತೆ ಅದರ ಎರಡು ಪ್ರಕರಣಗಳನ್ನು ಸಾರ್ವಜನಿಕರು ತಿಳಿದಿರುವುದು ಉಚಿತ.

ಪ್ರಕರಣ 11ರ ಸಾರಾಂಶವೇನೆಂದರೆ, ಯಾವುದೇ ಸರಕಿನ ಬೆಲೆಯನ್ನು ಹೇಳುವಾಗ, ಪಟ್ಟಿ ನೀಡುವಾಗ ಅಥವಾ ಜಾಹೀರಾತು ಮಾಡುವಾಗ ಮಾನಕ ತೂಕ, ಅಳತೆ ಅಥವಾ ಸಂಖ್ಯೆಯ ಏಕಮಾನದಲ್ಲಿಯೇ ಹೇಳಬೇಕು. ತೆಂಗಿನಕಾಯಿಯನ್ನು ಎಣಿಸಿ ಮಾರುವುದು ಸರಿಯೇ, ಏಕೆಂದರೆ ಸಂಖ್ಯೆಯೂ ಒಂದು ಏಕಮಾನ. ಆದರೆ ಎಷ್ಟು ಹಿಡಿಯುತ್ತದೆಂದು ಯಾರಿಗೂ ನಿಶ್ಚಯವಿಲ್ಲದ ಪೆಟ್ಟಿಗೆಯು ಏಕಮಾನವಾಗಲಾರದು.

ಪ್ರಕರಣ 12ರ ಸಾರಾಂಶವೇನೆಂದರೆ, ಒಪ್ಪಂದದಲ್ಲಿ ಹೇಳಿದ ಪ್ರಮಾಣಕ್ಕಿಂತ ಹೆಚ್ಚು ಅಥವಾ ಕಡಿಮೆ ಸರಕನ್ನು ಕೇಳಲು ಅಥವಾ ಪಡೆಯಲು ಅವಕಾಶ ನೀಡುವ ಯಾವುದೇ ರೂಢಿ, ಪದ್ಧತಿ ಅಥವಾ ವಾಡಿಕೆ ಶೂನ್ಯವಾದುದು. "ಇದು ಮಂಡಿಯ ವಾಡಿಕೆ" ಎಂಬ ಉತ್ತರಕ್ಕೆ ಕಾಯ್ದೆಯಲ್ಲಿ ಮಾನ್ಯತೆ ಇಲ್ಲ. ನಮ್ಮ ಮಾರುಕಟ್ಟೆಗಳಲ್ಲಿ 'ಸೂಟು' ಎಂಬ ಹೆಸರಿನಲ್ಲಿ ತೂಕದಲ್ಲಿ ಕಡಿತ ಮಾಡಿಕೊಳ್ಳುವ ರೂಢಿಯ ಬಗ್ಗೆ ದೂರುಗಳು ಬರುವಾಗಲೂ ಈ ಪ್ರಕರಣವನ್ನು ನೆನಪಿನಲ್ಲಿಡಬೇಕು.

ಹೀಗಿದ್ದರೂ ಹಿಗ್ಗುವ ಪೆಟ್ಟಿಗೆ ಅಷ್ಟು ವರ್ಷ ನಡೆಯಿತು. ಒಪ್ಪಂದದಲ್ಲಿ ಪ್ರಮಾಣವನ್ನು ಬರೆದಿದ್ದರೆ ಮಾತ್ರ ಅದಕ್ಕಿಂತ ಹೆಚ್ಚು ಹೋಯಿತೆಂದು ಹೇಳಲು ಸಾಧ್ಯ. ಬರೆಯದ ತೂಕಕ್ಕೆ ಕಾಯ್ದೆಯ ರಕ್ಷಣೆ ದೊರಕಿಸುವುದು ಕಷ್ಟ. ಪೀಠಿಕೆಯಲ್ಲಿ ತಿಳಿಸಿದ ಬೆಳೆಗಾರರ ಅರ್ಜಿಯೂ ನಿಂತದ್ದು ಇಲ್ಲಿಯೇ.

9. ಪೆಟ್ಟಿಗೆಯಿಂದ ಪರಿಹಾರವಾಗದ ಸಂಗತಿಗಳು

ಏಕರೂಪದ ಪೆಟ್ಟಿಗೆಯಿಂದ ಎಲ್ಲ ಸಮಸ್ಯೆಗಳೂ ಬಗೆಹರಿದವೆಂದು ಭಾವಿಸುವುದು ಸರಿಯಲ್ಲ. ಮೊದಲನೆಯದಾಗಿ, ಸೇಬಿನ ಸುಗ್ಗಿ ಮತ್ತು ಮಳೆಗಾಲ ಒಟ್ಟಿಗೇ ಬರುತ್ತವೆ. 2023ರ ಜುಲೈ ಮತ್ತು ಆಗಸ್ಟ್ ತಿಂಗಳುಗಳ ಅತಿವೃಷ್ಟಿ ಹಾಗೂ ಭೂಕುಸಿತಗಳಿಂದ ಹಿಮಾಚಲದ ಅನೇಕ ರಸ್ತೆಗಳು ಕೊಚ್ಚಿಹೋಗಿ, ಬಿಡಿಸಿದ ಹಣ್ಣು ತೋಟಗಳಲ್ಲಿಯೇ ಉಳಿಯಿತು. ಕಾಶ್ಮೀರದಲ್ಲಿ 2025ರ ಆಗಸ್ಟ್ ಕೊನೆಯಲ್ಲಿ ಮಳೆಯಿಂದ ಜಮ್ಮು–ಶ್ರೀನಗರ ಹೆದ್ದಾರಿ ಹಾಳಾಗಿ, ಸೇಬು ತುಂಬಿದ ಲಾರಿಗಳು ದಿನಗಟ್ಟಲೆ ದಾರಿಯಲ್ಲಿ ನಿಂತು ಹಣ್ಣು ಕೊಳೆಯಿತು. ಅದೇ ವರ್ಷದ ಜೂನ್ 6ರಂದು ಕಣಿವೆಗೆ ರೈಲು ಸಂಪರ್ಕ ಉದ್ಘಾಟನೆಯಾಗಿತ್ತು. ಆದ್ದರಿಂದ ಸೆಪ್ಟೆಂಬರ್ 13ರಿಂದ ಬಡ್‌ಗಾಮ್‌ನಿಂದ ದೆಹಲಿಯ ಆದರ್ಶ ನಗರಕ್ಕೆ ಪಾರ್ಸೆಲ್ ರೈಲು ಆರಂಭಿಸಿ ಒಂದಿಷ್ಟು ಹಣ್ಣನ್ನು ಸಾಗಿಸಲು ಸಾಧ್ಯವಾಯಿತು. ರಸ್ತೆ ಮುಚ್ಚಿದಾಗ ಸರಿಯಾದ ತೂಕವಿರುವ ಪೆಟ್ಟಿಗೆಯೂ ನಿಷ್ಪ್ರಯೋಜಕ.

ಎರಡನೆಯದಾಗಿ, ಒಂದು ರಾಜ್ಯದ ನಿಯಮವು ಇನ್ನೊಂದು ರಾಜ್ಯದ ಮಂಡಿಯಲ್ಲಿ ತಾನಾಗಿ ಜಾರಿಯಾಗುವುದಿಲ್ಲ. ದೆಹಲಿಯ ಕಟ್ಟೆಯಲ್ಲಿ ಬೇರೆ ಬೇರೆ ಪ್ರದೇಶಗಳ ಬೇರೆ ಬೇರೆ ಗಾತ್ರದ ಪೆಟ್ಟಿಗೆಗಳು ಒಟ್ಟಿಗೆ ಬಂದು ನಿಲ್ಲುತ್ತವೆ. ಮೂರನೆಯದಾಗಿ, ತೂಕ ಸರಿಯಾದರೂ ದರ್ಜೆಯ ನಿರ್ಣಯ, ಕಮಿಷನ್ ಮತ್ತು ಹಣ ಪಾವತಿಯ ವಿಳಂಬ ಎಂಬ ಪ್ರಶ್ನೆಗಳು ಉಳಿಯುತ್ತವೆ. ಶೀತಲಗೃಹವಿಲ್ಲದ ಬೆಳೆಗಾರನು ಅಂದಿನ ದರಕ್ಕೆ ಅಂದೇ ಮಾರಬೇಕಾಗುತ್ತದೆ.

ಆದರೂ ಮೊದಲು ಸರಿಯಾಗಬೇಕಾದದ್ದು ತೂಕವೇ. ತೂಕ ಗೊತ್ತಿಲ್ಲದೆ ದರವು ನ್ಯಾಯವೋ ಅನ್ಯಾಯವೋ ಎಂದು ಹೇಳಲಾಗದು. ಎರಡು ಮಂಡಿಗಳ ದರವನ್ನು ಹೋಲಿಸಲಾಗದು. ಬೆಳೆ ನಷ್ಟದ ಪರಿಹಾರ ಕೋರುವಾಗ ಕಳೆದ ವರ್ಷ ಎಷ್ಟು ಬೆಳೆದಿತ್ತೆಂದು ತೋರಿಸಲೂ ಆಗದು.

10. ಕರ್ನಾಟಕದ ಬೆಳೆಗಾರರು ಮತ್ತು ಗ್ರಾಹಕರಿಗೆ ಇದರ ಪ್ರಸ್ತುತತೆ

ನಮ್ಮ ರಾಜ್ಯದಲ್ಲಿ ಸೇಬು ಪ್ರಧಾನ ಬೆಳೆಯಲ್ಲ. ಕಡಿಮೆ ಚಳಿಯಲ್ಲಿಯೂ ಫಲ ಕೊಡುವ ತಳಿಗಳು ಬಂದಿರುವುದರಿಂದ ಕೆಲವು ರೈತರು ಬಯಲುಸೀಮೆಯಲ್ಲಿ ಪ್ರಯತ್ನ ಮಾಡಿರುತ್ತಾರೆ. ಅದಕ್ಕಿಂತ ಮುಖ್ಯವಾದದ್ದು, ಪೆಟ್ಟಿಗೆ ಮತ್ತು ಮೂಟೆಯ ಲೆಕ್ಕ ನಮ್ಮಲ್ಲಿಯೂ ಇದೆ ಎಂಬುದು. ಕೋಲಾರದ ಮಾರುಕಟ್ಟೆಯಲ್ಲಿ ಟೊಮೆಟೊ ದರವನ್ನು 15 ಕಿ.ಗ್ರಾಂ. ಪೆಟ್ಟಿಗೆಗೆ ಹೇಳುವುದು ವಾಡಿಕೆ. ಕೊಡಗು, ಚಿಕ್ಕಮಗಳೂರು ಮತ್ತು ಹಾಸನ ಜಿಲ್ಲೆಗಳ ಕಾಫಿ ಬೆಳೆಗಾರರು 50 ಕಿ.ಗ್ರಾಂ. ಮೂಟೆಯ ದರವನ್ನು ನೋಡುತ್ತಾರೆ. ಹೂವನ್ನು ಮಾರಿನ ಲೆಕ್ಕದಲ್ಲಿಯೂ ವೀಳ್ಯದೆಲೆಯನ್ನು ಕಟ್ಟಿನ ಲೆಕ್ಕದಲ್ಲಿಯೂ ಕೊಳ್ಳುತ್ತೇವೆ.

ಪೆಟ್ಟಿಗೆ ಅಥವಾ ಮೂಟೆಯ ಹೆಸರಿನ ಹಿಂದೆ ನಿಶ್ಚಿತ ತೂಕವಿದ್ದು, ಆ ತೂಕವನ್ನು ಚೀಟಿಯಲ್ಲಿ ಬರೆದಿದ್ದರೆ ತೊಂದರೆಯಿಲ್ಲ. ಕಾಫಿಯ ಮೂಟೆ ಎಂದರೆ 50 ಕಿ.ಗ್ರಾಂ. ಎಂಬುದರಲ್ಲಿ ಮಾರುವವರಿಗೂ ಕೊಳ್ಳುವವರಿಗೂ ಅನುಮಾನವಿಲ್ಲ. ಹೆಸರಿಗೆ 15 ಕಿ.ಗ್ರಾಂ. ಎಂದು ಹೇಳಿ, ತೂಗದೆ, ರಾಶಿ ಏರುವಂತೆ ತುಂಬಿದಾಗ ಮಾತ್ರ ಹಿಮಾಚಲದ ಹಳೆಯ ಕಥೆ ಇಲ್ಲಿಯೂ ಪುನರಾವರ್ತನೆಯಾಗುತ್ತದೆ. ಗ್ರಾಹಕರ ವಿಷಯದಲ್ಲಿಯೂ ಇದು ನಿಜ. ಹಣ್ಣನ್ನು ರಟ್ಟಿನ ಡಬ್ಬಿಯ ಸಹಿತ ತೂಗಿದಲ್ಲಿ, ಗ್ರಾಹಕರು ರಟ್ಟಿಗೂ ಹಣ್ಣಿನ ಬೆಲೆಯನ್ನೇ ತೆತ್ತಂತಾಗುತ್ತದೆ.

11. ಅರ್ಜಿದಾರರ ಗಮನಕ್ಕೆ

ತೂಕಕ್ಕೆ ಸಂಬಂಧಿಸಿದಂತೆ ಅರ್ಜಿ ಅಥವಾ ದೂರು ಸಲ್ಲಿಸುವವರು ಈ ಕೆಳಕಂಡ ಅಂಶಗಳನ್ನು ಪಾಲಿಸಿದಲ್ಲಿ ಪರಿಶೀಲನೆಗೆ ಅನುಕೂಲವಾಗುತ್ತದೆ.

(ಅ) ಮಾರಾಟದ ಚೀಟಿ ಅಥವಾ ತಕ್‌ಪಟ್ಟಿಯಲ್ಲಿ ಪೆಟ್ಟಿಗೆಗಳ ಸಂಖ್ಯೆಯೊಂದಿಗೆ ನಿವ್ವಳ ತೂಕ, ಪ್ರತಿ ಕಿ.ಗ್ರಾಂ. ದರ ಮತ್ತು ದಿನಾಂಕವನ್ನು ಬರೆಸಿಕೊಳ್ಳಬೇಕು. ಖಾಲಿ ಕಾಲಂ ಇರುವ ಚೀಟಿಯನ್ನು ಒಪ್ಪಿಕೊಳ್ಳಬಾರದು. ಕೇವಲ ಮೊತ್ತ ಬರೆದ ಬಿಳಿ ಚೀಟಿಯಿಂದ ತೂಕದ ನಷ್ಟವನ್ನು ಸಾಬೀತುಪಡಿಸಲು ಆಗುವುದಿಲ್ಲ.

(ಆ) ತೋಟದಿಂದ ಹೊರಡುವ ಮುನ್ನ ಕೆಲವು ಪೆಟ್ಟಿಗೆಗಳನ್ನಾದರೂ ತೂಗಿ, ಖಾಲಿ ಪೆಟ್ಟಿಗೆಯ ತೂಕವನ್ನು ಕಳೆದು, ಪುಸ್ತಕದಲ್ಲಿ ಬರೆದಿಟ್ಟುಕೊಳ್ಳುವುದು ಒಳ್ಳೆಯದು.

(ಇ) ವ್ಯಾಪಾರದಲ್ಲಿ ಬಳಸುವ ತೂಕದ ಯಂತ್ರಗಳು ನಿಯತಕಾಲಿಕವಾಗಿ ಪರಿಶೀಲನೆಗೊಂಡು ಮುದ್ರೆ ಹೊಂದಿರಬೇಕು. ಪರಿಶೀಲನಾ ಪ್ರಮಾಣಪತ್ರವನ್ನು ತೋರಿಸುವಂತೆ ಬೆಳೆಗಾರರಾಗಲಿ ಗ್ರಾಹಕರಾಗಲಿ ಕೇಳಬಹುದು. ಕೇಳಲು ಸಂಕೋಚಪಡಬೇಕಾಗಿಲ್ಲ.

(ಈ) ದೂರಿನಲ್ಲಿ ಸ್ಥಳ, ದಿನಾಂಕ, ಸರಕು, ಹೇಳಿದ ತೂಕ ಮತ್ತು ಕಂಡುಬಂದ ತೂಕವನ್ನು ಸ್ಪಷ್ಟವಾಗಿ ನಮೂದಿಸಿ, ಚೀಟಿಯ ಪ್ರತಿಯನ್ನು ಲಗತ್ತಿಸಬೇಕು. ಮೂಲ ಚೀಟಿಯನ್ನು ತಮ್ಮಲ್ಲಿಯೇ ಇಟ್ಟುಕೊಂಡು, ಅರ್ಜಿ ಸಲ್ಲಿಸಿದ್ದಕ್ಕೆ ಸ್ವೀಕೃತಿ ಪಡೆಯಬೇಕು.

(ಉ) ಗ್ರಾಹಕರು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಸಂಖ್ಯೆ 1915ಕ್ಕೂ ಕರೆ ಮಾಡಿ ದೂರು ದಾಖಲಿಸಬಹುದು.

12. ಉಪಸಂಹಾರ

ಬೆಟ್ಟದ ಇಳಿಜಾರಿನಲ್ಲಿ ವರ್ಷವಿಡೀ ದುಡಿದವನ ಫಲವು ಕೊನೆಗೆ ನಿಲ್ಲುವುದು ತಕ್ಕಡಿಯ ಮುಂದೆ. ಏಕರೂಪದ ಪೆಟ್ಟಿಗೆಯ ಈ ಕ್ರಮದಲ್ಲಿ ಹಿಮಾಚಲ ಪ್ರದೇಶವು ಹೊಸ ಬೆಲೆಯನ್ನೇನೂ ಘೋಷಿಸಲಿಲ್ಲ, ಸಹಾಯಧನವನ್ನೂ ಸೇರಿಸಲಿಲ್ಲ. ಹಿಗ್ಗುತ್ತಿದ್ದ ಒಂದು ಪೆಟ್ಟಿಗೆಯನ್ನು ಹಿಗ್ಗದಂತೆ ಮಾಡಿತು. ಲೆಕ್ಕಪತ್ರದ ದೃಷ್ಟಿಯಿಂದ ನೋಡಿದರೆ, ಬೆಳೆಗಾರನಿಗೆ ಅವನದೇ ಹಣ್ಣನ್ನು ಮರಳಿ ಕೊಟ್ಟಂತಾಯಿತು.

ಕೋಲಾರದ ಆ ಹಿರಿಯರು ಮರುವರ್ಷ ಮತ್ತೆ ನಮ್ಮ ಶಾಖೆಗೆ ಬಂದಿದ್ದರು. ಈ ಬಾರಿ ದೂರೇನೂ ಇರಲಿಲ್ಲ. ಮಾರುಕಟ್ಟೆಯ ತೂಕದ ಯಂತ್ರದ ಮುದ್ರೆಯನ್ನು ಹೇಗೆ ಗುರುತಿಸಬೇಕೆಂದು ಕೇಳಿ ತಿಳಿದುಕೊಂಡರು. ಜೇಬಿನಿಂದ ಹೊಸ ಚೀಟಿಯೊಂದನ್ನು ತೆಗೆದು ತೋರಿಸಿದರು. ತೂಕದ ಕಾಲಂ ತುಂಬಿತ್ತು.

ಎಲ್ಲ ಅರ್ಜಿದಾರರೂ ತಮ್ಮ ಚೀಟಿಯಲ್ಲಿ ಆ ಒಂದು ಕಾಲಂ ಖಾಲಿ ಉಳಿಯದಂತೆ ನೋಡಿಕೊಳ್ಳಬೇಕೆಂದು ಈ ಮೂಲಕ ಕೋರಲಾಗಿದೆ.

– ಶಾಖಾಧಿಕಾರಿ